ಎಡಗಡೆಯ ಕೆಂಪು ಪಟ್ಟಿ

ಗುಂಡಿಯಕ್ಕನಿಗೆ ಆ ಹೆಸರು ಇಟ್ಟವರು ಯಾರೋ ಗೊತ್ತಿಲ್ಲ. ಯಾರೇ ಇಟ್ಟಿರಲಿ, ಅವರ ಅಂಗಿಯ ಗುಂಡಿಯನ್ನು ಅವರ ಕೈಯಿಂದಲೇ ಅವಳು ಹಾಕಿಸಿರುತ್ತಾಳೆ ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ. ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಔಷಧಿಯ ಉಗ್ರಾಣಕ್ಕೂ ನಡುವೆ ಸಿಕ್ಕಿಕೊಂಡಿದ್ದ ಅವಳ ಕೋಣೆಗೆ ಎಂಥೆಂಥವರೋ ಬರುತ್ತಿದ್ದರು. ಲಕ್ವ ಹೊಡೆದವರು, ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡವರು, ಯಂತ್ರಕ್ಕೆ ಬೆರಳು ಕೊಟ್ಟವರು, ಮನಸ್ಸು ಮುರಿದು ಮೂಲೆ ಹಿಡಿದವರು. ಮೊದಲ ದಿನ ಎಲ್ಲರ ಮುಂದೆಯೂ ಒಂದು ಹಳೆಯ ಅಂಗಿ ಇಡುತ್ತಿದ್ದಳು.

"ಹಾಕ್ಕೊಳ್ಳಿ. ಗುಂಡಿ ಹಾಕಿ. ನಾನು ಸುಮ್ನೆ ಕೂತಿರ್ತೀನಿ."

ಸುಮ್ಮನೆ ಕೂರುವುದೇ ಆ ವಿದ್ಯೆಯಲ್ಲಿ ಎಲ್ಲಕ್ಕಿಂತ ಕಷ್ಟದ ಪಾಠ. ಎದುರಿಗೆ ಒಬ್ಬ ಗಂಡಸು ಬೆವರು ಸುರಿಸುತ್ತ ಒಂದು ಗುಂಡಿಯ ಜೊತೆ ಗುದ್ದಾಡುತ್ತಿದ್ದರೆ ನೋಡುವವರ ಕೈ ತಾನಾಗಿಯೇ ಮುಂದೆ ಹೋಗುತ್ತದೆ. ಅದಕ್ಕೇ ಗುಂಡಿಯಕ್ಕ ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅವುಗಳ ಮೇಲೇ ಕೂರುತ್ತಿದ್ದಳು. ರೋಗಿಯ ಮನೆಯವರು ಉರಿದುಬೀಳುತ್ತಿದ್ದರು. "ಕಲ್ಲು ಕೂತ ಹಾಗೆ ಕೂತಿದ್ದೀಯಲ್ಲಮ್ಮ, ಒಂದು ಗುಂಡಿ ಹಾಕಿದ್ರೆ ನಿನ್ನ ಕೈ ಸವೆದು ಹೋಗತ್ತಾ?" ಎಂದು ಒಬ್ಬ ಮುದುಕಿ ಬೈದಾಗ ಅವಳು ಹೇಳಿದ್ದು ಇಷ್ಟೇ: "ಇವತ್ತು ನಾನು ಹಾಕಿದ್ರೆ ನಾಳೆಯೂ ನಾನೇ ಹಾಕ್ಬೇಕು ಅಜ್ಜಿ. ನಿಮ್ಮನೆಗೆ ಬಂದು ಇದ್ದುಬಿಡ್ಲಾ?"

ಅವಳ ಕೋಣೆಯ ಬಾಗಿಲ ಮೇಲೆ 'ಔದ್ಯೋಗಿಕ ಚಿಕಿತ್ಸಾ ವಿಭಾಗ' ಎಂಬ ಬೋರ್ಡಿತ್ತು. ಅದನ್ನು ಓದಿ ಆಗಾಗ ಕೆಲಸವಿಲ್ಲದ ತರುಣರು ಅಂಕಪಟ್ಟಿ ಹಿಡಿದುಕೊಂಡು ಬರುತ್ತಿದ್ದರು. ಪಕ್ಕದ ವಾರ್ಡಿನ ನರ್ಸುಗಳಿಗೂ ಅವಳು ಮಾಡುವುದೇನು ಎಂಬುದು ಸರಿಯಾಗಿ ತಿಳಿದಿರಲಿಲ್ಲ. ಕಾಲಿಗೆ ಕಸರತ್ತು ಮಾಡಿಸುವವರು ಆಚೆ ಕೋಣೆಯಲ್ಲಿದ್ದಾರೆ, ನಡೆಯುವುದು ಹೇಗೆ ಎಂದು ಅವರು ಕಲಿಸುತ್ತಾರೆ, ನಡೆದು ಎಲ್ಲಿಗೆ ಹೋಗಬೇಕು, ಹೋಗಿ ಏನು ಮಾಡಬೇಕು ಎಂದು ಕೇಳುವವಳು ನಾನು ಎಂದು ಅವಳು ವಿವರಿಸುತ್ತಿದ್ದಳು. ಮುಖ ತೊಳೆಯುವುದು, ಒಲೆ ಹಚ್ಚುವುದು, ಬಸ್ಸು ಹತ್ತುವುದು, ಹೊಲಿಗೆ ಯಂತ್ರ ತುಳಿಯುವುದು, ಇವೆಲ್ಲ ಅವಳಿಗೆ ಔಷಧಿ. ಯಾವ ಕೆಲಸ ಯಾರಿಗೆ, ಎಷ್ಟು, ಯಾವಾಗ ಎಂದು ಅಳೆದು ಕೊಡುವುದು ಅವಳ ಚಿಕಿತ್ಸೆ.

ಅವಳು ಹುಟ್ಟಿ ಬೆಳೆದದ್ದು ಸಾಮಿಲ್ಲಿನ ಹಿಂದಿನ ಮನೆಯಲ್ಲಿ. ಅಪ್ಪ ಬೇಗ ಹೋದ. ಮೀಸೆ ಚಿಗುರುವ ಮೊದಲೇ ಅಣ್ಣ ಗರಗಸದ ಮುಂದೆ ನಿಂತ, ತಂಗಿಯನ್ನು ಸಾಕಿದ. ದಿಮ್ಮಿಗೆ ಕಿವಿಯಿಟ್ಟು, ಬೆರಳಲ್ಲಿ ತಟ್ಟಿ, ಒಳಗೆ ಗಂಟು ಎಲ್ಲಿದೆ ಎಂದು ಹೇಳುವ ಮನುಷ್ಯ ಅವನು. ಇವಳು ಮರದ ಹೊಟ್ಟಿನ ರಾಶಿಯ ಮೇಲೆ ಕೂತು ಓದಿದಳು. ನರ್ಸಾಗಬೇಕೆಂದು ಹೋದವಳು ಮೊದಲನೆಯ ವಾರವೇ ಒಂದು ಗಾಯಕ್ಕೆ ಪಟ್ಟಿ ಕಟ್ಟುವುದನ್ನು ನೋಡಿ ಬವಳಿ ಬಂದು ಬಿದ್ದಳು. ಎರಡನೆಯ ಸಲ ಬಿದ್ದಾಗ ಮೇಲಿನವರು, "ಈ ಹುಡುಗಿಗೆ ರಕ್ತ ಆಗಲ್ಲ, ಬುಟ್ಟಿ ಹೆಣೆಯುವ ಕೋಣೆಗೆ ಕಳಿಸಿ" ಎಂದರು. ಹಾಗೆ ಅವಳು ಈ ವಿದ್ಯೆಗೆ ಬಂದದ್ದು. ಈ ಕತೆಯನ್ನು ಅವಳೇ ನಗುತ್ತ ಎಲ್ಲರಿಗೂ ಹೇಳುತ್ತಿದ್ದಳು.

ಬುಟ್ಟಿಯ ಕೋಣೆಯಲ್ಲಿ ಇದ್ದವರು ದೊಡ್ಡ ಟೀಚರು. ಹುಚ್ಚಾಸ್ಪತ್ರೆ ಎಂದು ಜನ ಕರೆಯುತ್ತಿದ್ದ ಕಡೆ ಬಹಳ ವರ್ಷ ಮಗ್ಗ ಕಲಿಸಿ ಬಂದ ಹೆಂಗಸು. ಮಾತು ಕಡಿಮೆ, ಆಡಿದರೆ ಚುಚ್ಚು. ಬೆತ್ತ ನೆನೆಸುತ್ತ, ಹೆಣೆಯುತ್ತ, ಈ ವಿದ್ಯೆ ಎಲ್ಲಿಂದ ಬಂತು ಎಂಬುದನ್ನು ಅವರು ಶಿಷ್ಯರಿಗೆ ಹೇಳುತ್ತಿದ್ದರು. ಒಂದು ಕಾಲದಲ್ಲಿ ಬುದ್ಧಿ ಕೆಟ್ಟವರನ್ನು ಗೋಡೆಗೆ ಸರಪಳಿ ಹಾಕಿ ಕಟ್ಟುತ್ತಿದ್ದರು. ಎಲ್ಲೋ ದೂರದ ದೇಶಗಳಲ್ಲಿ ಕೆಲವರು ಧೈರ್ಯ ಮಾಡಿ ಸರಪಳಿ ಬಿಚ್ಚಿ, ಕೈಗೆ ಗುದ್ದಲಿ ಕೊಟ್ಟರು, ನೂಲು ಕೊಟ್ಟರು. ಅರಚುತ್ತಿದ್ದವರು ಅರಚುವುದು ಬಿಟ್ಟರು. ಆಮೇಲೆ ಮೊದಲ ಮಹಾಯುದ್ಧ ಬಂತು. ಕೈಕಾಲು ಕಳೆದುಕೊಂಡ, ಶಬ್ದ ಕೇಳಿದರೆ ನಡುಗುವ ಸಿಪಾಯಿಗಳು ಹಡಗುಗಟ್ಟಲೆ ವಾಪಸಾದರು. ಅವರ ಹಾಸಿಗೆಯ ಪಕ್ಕ ಹೆಂಗಸರು ಜೇಡಿಮಣ್ಣು, ಬೆತ್ತ, ಮರ ಹಿಡಿದು ಕೂತರು. ಈ ಚಿಕಿತ್ಸೆಗೆ ಹೆಸರು ಕೊಟ್ಟವರಲ್ಲಿ ಒಬ್ಬ ಡಾಕ್ಟರೇ ಅಲ್ಲ, ಕಟ್ಟಡದ ನಕ್ಷೆ ಬರೆಯುವವನು. ಕಾಯಿಲೆ ಬಿದ್ದು ಎಡಭಾಗ ಸ್ವಾಧೀನ ತಪ್ಪಿ, ಮರಗೆಲಸ ಮಾಡುತ್ತ, ತೋಟ ಅಗೆಯುತ್ತ ತನ್ನ ಮೈಯನ್ನು ತಾನೇ ಎಬ್ಬಿಸಿಕೊಂಡವನು. ಉದ್ಯೋಗವೇ ಪುರುಷಲಕ್ಷಣ ಎಂದು ಗಾದೆ ಹೇಳಿದವರಿಗೆ ಇದೆಲ್ಲ ಮೊದಲೇ ಗೊತ್ತಿತ್ತೇನೋ ಎಂದು ತರಗತಿ ನಗುತ್ತಿತ್ತು. ದೊಡ್ಡ ಟೀಚರು ನಗುತ್ತಿರಲಿಲ್ಲ.

"ಒಬ್ಬ ನೇಕಾರನ ವಿಷಯ ಹೇಳ್ತೀನಿ, ಕೇಳಿ," ಎಂದರು ಒಂದು ದಿನ.

ಆ ನೇಕಾರ ಅವರ ಆಸ್ಪತ್ರೆಗೆ ಬಂದಾಗ ಮಾತಿಲ್ಲ, ಊಟವಿಲ್ಲ, ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದ. ದೊಡ್ಡ ಟೀಚರು ಅವನನ್ನು ಮಗ್ಗದ ಮುಂದೆ ಕೂರಿಸಿದರು. ಕೈ ನೆನಪು ಮಾಡಿಕೊಂಡಿತು. ನಿದ್ದೆ ಬಂತು, ಮಾತು ಬಂತು, ಹೆಂಡತಿ ಮಕ್ಕಳನ್ನು ಕೇಳತೊಡಗಿದ. ಮನುಷ್ಯ ಪೂರ್ತಿ ವಾಸಿಯಾದ. ಆದರೆ ಅಷ್ಟರಲ್ಲಿ ಇಡೀ ಆಸ್ಪತ್ರೆಯ ಹೊದಿಕೆಗಳೆಲ್ಲ ಅವನ ಮಗ್ಗದಿಂದಲೇ ಬರುತ್ತಿದ್ದವು. ಮನೆಗೆ ಕಳಿಸೋಣ ಎಂದಾಗೆಲ್ಲ ಮೇಲಿನವರು ಚಳಿಗಾಲ ಕಳೆಯಲಿ ಎನ್ನುತ್ತಿದ್ದರು. ಚಳಿಗಾಲಗಳು ಕಳೆದವು. ಹೆಂಡತಿ ಬರುವುದನ್ನು ನಿಲ್ಲಿಸಿದಳು. ಅವನು ತಾನು ನೇಯ್ದ ಹೊದಿಕೆಯನ್ನೇ ಹೊದ್ದು ಅಲ್ಲೇ ಸತ್ತ.

"ವಾಸಿ ಮಾಡಿದ್ದೂ ಆ ಮಗ್ಗವೇ, ಹಿಡಿದಿಟ್ಟಿದ್ದೂ ಆ ಮಗ್ಗವೇ," ಎಂದರು ದೊಡ್ಡ ಟೀಚರು. "ಕೆಲಸ ಅನ್ನೋದು ಔಷಧಿ. ಔಷಧಿ ಅಂದ್ಮೇಲೆ ಅಳತೆ ತಪ್ಪಿದ್ರೆ ವಿಷ. ಯಾರಿಗಾದ್ರೂ ಕೆಲಸ ಕೊಡೋ ಮುಂಚೆ ಒಂದು ಪ್ರಶ್ನೆ ಕೇಳ್ಕೊಳ್ಳಿ. ಈ ಕೆಲಸ ಬೇಕಾಗಿರೋದು ಅವನಿಗಾ, ನಮಗಾ?"

ಗುಂಡಿಯಕ್ಕ ಆ ಪ್ರಶ್ನೆಯನ್ನು ಎಲ್ಲ ರೋಗಿಗಳ ಮುಂದೆಯೂ ಕೇಳಿಕೊಂಡಳು. ಒಬ್ಬನ ವಿಷಯದಲ್ಲಿ ಮಾತ್ರ ಕೇಳಿಕೊಳ್ಳಲಿಲ್ಲ.

ಅಣ್ಣನಿಗೆ ಲಕ್ವ ಹೊಡೆದದ್ದು ಬೆಳಗಿನ ಹೊತ್ತು, ಹಲ್ಲುಜ್ಜುವಾಗ. ತಲೆಯ ಬಲಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಎಡಗೈ ಎಡಗಾಲು ಬಿದ್ದುಹೋಗಿದ್ದವು. ತಂಗಿಯ ಆಸ್ಪತ್ರೆಗೇ ತಂದು ಸೇರಿಸಿದರು. ಮರ ಎತ್ತಿದ ಮೈ, ಕಾಲು ಬೇಗ ಎದ್ದಿತು, ಕೈಗೂ ಹಿಡಿತ ಬಂತು. ಅತ್ತಿಗೆ ದೇವರು ದೊಡ್ಡವನು ಎಂದಳು. ಆದರೆ ಒಂದು ಸಂಗತಿ ವಿಚಿತ್ರವಾಗಿತ್ತು. ಅಣ್ಣನಿಗೆ ಎಡಗಡೆಯ ಲೋಕವೇ ಇರಲಿಲ್ಲ. ಕಣ್ಣು ಚೆನ್ನಾಗಿತ್ತು. ಎಡಕ್ಕೂ ಒಂದು ದಿಕ್ಕಿದೆ ಎಂಬುದೇ ಅವನ ಮೆದುಳಿಗೆ ಮರೆತುಹೋಗಿತ್ತು. ತಟ್ಟೆಯಲ್ಲಿ ಬಲಗಡೆಯ ಬ್ರೆಡ್ಡು ತಿಂದು, ಎಡಗಡೆಯ ಮೊಟ್ಟೆ ಬಿಟ್ಟು, ಇಷ್ಟೇನಾ ಕೊಟ್ಟಿದ್ದು ಎಂದು ಗೊಣಗುತ್ತಿದ್ದ. ಮುಖದ ಅರ್ಧ ಕ್ಷೌರ ಮಾಡಿಕೊಂಡು ಮದುಮಗನ ಠೀವಿಯಲ್ಲಿ ಹೊರಗೆ ಬರುತ್ತಿದ್ದ. ಮೊದಮೊದಲು ಮನೆಯವರು ನಕ್ಕರು.

ಆಮೇಲೆ ಒಂದು ಮಧ್ಯಾಹ್ನ ಅತ್ತಿಗೆ ಅವನ ಎಡಗಡೆ ಕೂತು, ಅವನ ಎಡಗೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಿದ್ದಳು. ಅಣ್ಣ ತಂಗಿಯನ್ನು ಕೇಳಿದ, "ನಿಮ್ಮತ್ತಿಗೆ ಎಲ್ಲಿ? ಬೆಳಗ್ಗೆಯಿಂದ ಬಂದೇ ಇಲ್ವಲ್ಲ."

ಅತ್ತಿಗೆ ಹೆದರಿ ಅವನ ಕೈಯನ್ನು ಎತ್ತಿ ಅವನ ಮುಖದ ಮುಂದೆ ಹಿಡಿದಳು. ಅವನು ಅದನ್ನು ಬಲು ಬೇಜಾರಿನಿಂದ ನೋಡಿದ. "ಯಾರೋ ಹಾಸಿಗೇಲಿ ಕೈ ಬಿಟ್ಟು ಹೋಗಿದ್ದಾರೆ ಕಣೇ. ನರ್ಸಿಗೆ ಹೇಳಿ ತೆಗೆಸು," ಎಂದ. ಅತ್ತಿಗೆ ಎದ್ದು ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತಳು.

ಗುಂಡಿಯಕ್ಕನ ವಿಭಾಗದಲ್ಲಿ ಇನ್ನೊಬ್ಬಳು ಕಿರಿಯಳಿದ್ದಳು, ಚುರುಕಿನವಳು. ಅಣ್ಣನನ್ನು ಅವಳ ಕೈಗೆ ಒಪ್ಪಿಸಬಹುದಿತ್ತು. ನಿವೃತ್ತರಾಗಿ ಮನೆಯಲ್ಲಿದ್ದ ದೊಡ್ಡ ಟೀಚರು ಸುದ್ದಿ ಕೇಳಿ ಫೋನಿನಲ್ಲಿ ಅದನ್ನೇ ಹೇಳಿದರು. "ನಿನ್ನ ಬೆನ್ನು ನಿನಗೆ ಕಾಣಲ್ಲ ಮಗು. ಬೇರೆಯವರಿಗೆ ಕೊಡು." ಇವಳು ಹೂಂ ಎಂದು ಫೋನಿಟ್ಟು, ತಾನೇ ಶುರು ಮಾಡಿದಳು. ಸಾಕಿದ ಅಣ್ಣನನ್ನು ಇನ್ನೊಬ್ಬರ ಕೈಗೆ ಕೊಡಲು ಅವಳಿಗೆ ಮನಸ್ಸು ಬರಲಿಲ್ಲ. ಡಾಕ್ಟರೂ, "ನಿಮಗಿಂತ ಚೆನ್ನಾಗಿ ಯಾರು ನೋಡ್ಕೋತಾರೆ?" ಎಂದು ಬೆನ್ನು ತಟ್ಟಿದರು.

ಇಂಥ ರೋಗಿಗೆ ಅವಳ ವಿದ್ಯೆಯಲ್ಲಿ ಒಂದು ಹಳೆಯ ಉಪಾಯವಿದೆ. ಎಡತುದಿಗೆ ಒಂದು ಕೆಂಪು ಪಟ್ಟಿ ಅಂಟಿಸುವುದು. ಪೇಪರಿನ ಎಡ ಅಂಚಿಗೆ, ತಟ್ಟೆ ಇಡುವ ಹಲಗೆಯ ಎಡ ಅಂಚಿಗೆ, ಮೇಜಿನ ಎಡ ಅಂಚಿಗೆ. ಕೆಂಪು ಕಾಣುವ ತನಕ ಕತ್ತು ತಿರುಗಿಸಬೇಕು. ಕಂಡರೆ ಎಡದ ಕೊನೆ ಮುಟ್ಟಿದೆ ಎಂದರ್ಥ. ಆಮೇಲೆ ಅಲ್ಲಿಂದ ಬಲಕ್ಕೆ ಕೆಲಸ ಶುರು.

"ಏನು ಮಾಡ್ಬೇಕು ಅಣ್ಣ?"

"ಕೆಂಪು ಹುಡುಕ್ಬೇಕು."

"ಕಂಡ್ಮೇಲೆ?"

"ಶುರು ಮಾಡ್ಬೇಕು."

ಮಗ್ಗಿ ಬಾಯಿಪಾಠ ಮಾಡಿಸುವ ಹಾಗೆ ಮಾಡಿಸಿದಳು. ಒಂದು ಕಾಲದಲ್ಲಿ ಅವನು ಅವಳಿಗೆ ಮಗ್ಗಿ ಹೇಳಿಕೊಟ್ಟಿದ್ದ, ಈಗ ಋಣ ತೀರುತ್ತಿದೆ ಎಂದು ಅವನೇ ಚುಡಾಯಿಸಿದ. ತಟ್ಟೆ ಪೂರ್ತಿ ಖಾಲಿಯಾಗತೊಡಗಿತು. ಅಂಗಿಯ ಎಡತೋಳು ಹಾಕಿಕೊಂಡ, ಗುಂಡಿಗಳು ಕೂತವು. ಪೇಪರಿನ ಸಾಲುಗಳನ್ನು ಮೊದಲಿಂದ ಓದಿದ. ಒಂದೇ ಒಂದು ಸಣ್ಣ ವಿಷಯ. ಒಂದು ಬೆಳಗ್ಗೆ ಬಿಸಿ ಹಾಲಿನ ಲೋಟವನ್ನು ಎಡಗೈಯಲ್ಲಿ ಹಿಡಿದು ಕೂತಿದ್ದ, ಅಂಗೈ ಬೊಬ್ಬೆ ಎದ್ದಿದ್ದರೂ ಅವನಿಗೆ ಗೊತ್ತಾಗಿರಲಿಲ್ಲ. ಸ್ಪರ್ಶ ಇನ್ನೂ ಬಂದಿಲ್ಲ, ನಿಧಾನವಾಗಿ ಬರುತ್ತದೆ ಎಂದು ಗುಂಡಿಯಕ್ಕ ಅತ್ತಿಗೆಗೆ ಸಮಾಧಾನ ಹೇಳಿ ಮುಲಾಮು ಹಚ್ಚಿದಳು.

ಪಟ್ಟಿ ಅಂಟಿಸುವುದು ಎಷ್ಟು ಮುಖ್ಯವೋ ಅದನ್ನು ತೆಗೆಯುವುದು ಅಷ್ಟೇ ಮುಖ್ಯ. ಅಗಲ ಕಡಿಮೆ ಮಾಡುತ್ತ, ಬಣ್ಣ ತಿಳಿ ಮಾಡುತ್ತ, ಕೊನೆಗೆ ಪಟ್ಟಿಯೇ ಇಲ್ಲದೆ ಎಡಕ್ಕೆ ನೋಡುವುದು ಬರಬೇಕು. ಊರುಗೋಲು ಕೊಡುವವನು ಕಿತ್ತುಕೊಳ್ಳುವ ದಿನವನ್ನೂ ಯೋಚಿಸಿರಬೇಕು ಎಂದು ದೊಡ್ಡ ಟೀಚರು ಹೇಳುತ್ತಿದ್ದರು. ಬೇರೆ ರೋಗಿಯಾಗಿದ್ದರೆ ಗುಂಡಿಯಕ್ಕ ಎಂದೋ ತೆಗೆದಿರುತ್ತಿದ್ದಳು. ಅಣ್ಣನ ತಟ್ಟೆಯ ಪಕ್ಕದ ಪಟ್ಟಿ ತೆಗೆದ ದಿನ ಅವನು ಮತ್ತೆ ಅರ್ಧ ಬಿಟ್ಟ. ಅವಳಿಗೆ ನೋಡಲಾಗಲಿಲ್ಲ. ಮುಂದಿನ ವಾರ ತೆಗೆದರಾಯಿತು ಎಂದು ಮತ್ತೆ ಅಂಟಿಸಿದಳು. ಆ ಮುಂದಿನ ವಾರ ಬರಲೇ ಇಲ್ಲ.

ಮನೆಗೆ ಹೋದ ಅಣ್ಣ ಕಿಟಕಿಯ ಬಳಿ ಕೂತ. ಕಿಟಕಿಯಾಚೆ ಅಂಗಳ, ಅಂಗಳದಾಚೆ ಸಾಮಿಲ್ಲು. ಮಿಲ್ಲಿನಲ್ಲಿ ಅಣ್ಣನ ಪಾಲುದಾರ ಗರಗಸ ಓಡಿಸುತ್ತಿದ್ದ. ಶಬ್ದ ಕೇಳುತ್ತ ಅಣ್ಣ ಬೆರಳಲ್ಲಿ ಕಿಟಕಿಯ ದಂಡೆ ತಟ್ಟುತ್ತಿದ್ದ. "ಗಂಟಿಗೆ ಕೊಟ್ಟ, ಬೇವಾರ್ಸಿ. ಹಲಗೆ ಸೀಳಿಹೋಯ್ತು," ಎಂದು ಅಲ್ಲಿಂದಲೇ ಬೈಯುತ್ತಿದ್ದ. ಕ್ರಮೇಣ ಬೈಯುವುದನ್ನೂ ಬಿಟ್ಟ. ಸ್ನಾನ ಬೇಡ, ಊಟ ಬೇಡ, ಯಾರಾದರೂ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಒಂದು ಸಂಜೆ ತಂಗಿಗೆ ಹೇಳಿದ, "ಪುಟ್ಟಿ, ಅವತ್ತು ಅರ್ಧ ಹೋದೆ. ಇನ್ನರ್ಧ ಹೀಗೆ ಕೂತೇ ಹೋಗ್ತಿದೆ. ಊರೋರಿಗೆಲ್ಲ ಕೆಲಸ ವಾಪಸ್ ಕೊಡಿಸ್ತೀಯ. ನನ್ನದ್ಯಾವಾಗ?"

ಆ ಮಾತಿಗೆ ಅವಳು ಕರಗಿ ನೀರಾದಳು. ಕೆಲಸವಿಲ್ಲದ ಮನುಷ್ಯ ಒಳಗಿಂದ ಕೊಳೆಯುತ್ತಾನೆ ಎಂಬುದು ಅವಳ ವಿದ್ಯೆಯ ಮೊದಲ ಪಾಠ, ಅದರಲ್ಲಿ ಸುಳ್ಳಿಲ್ಲ. ಆದರೆ ಪ್ರಪಂಚದಲ್ಲಿ ಕೆಲಸ ಎಂದರೆ ತಿರುಗುವ ಗರಗಸ ಒಂದೇ ಅಲ್ಲ. ಮರ ಆರಿಸುವ ಕೆಲಸವಿತ್ತು, ಕಿವಿಯಿಟ್ಟು ಗಂಟು ಹೇಳುವ ಕೆಲಸವಿತ್ತು. ಬೇರೆಯವರ ಅಣ್ಣನಾಗಿದ್ದರೆ ಅವಳಿಗೆ ಅದು ತಕ್ಷಣ ಹೊಳೆಯುತ್ತಿತ್ತು. ತನ್ನ ಅಣ್ಣ ಗರಗಸದ ಮುಂದೆ ನಿಲ್ಲುವುದನ್ನು ಇನ್ನೊಂದು ಸಲ ನೋಡದೆ ಅವಳಿಗೇ ಇರಲಾಗುತ್ತಿರಲಿಲ್ಲ, ನಿಜ ಹೇಳಬೇಕೆಂದರೆ ಅಷ್ಟೇ ವಿಷಯ.

ಮಿಲ್ಲಿಗೆ ರಜೆಯಿದ್ದ ದಿನ ಪರೀಕ್ಷೆ ನಡೆಯಿತು. ಗರಗಸದ ಮೇಜು ಉದ್ದನೆಯದು, ನಡುಮಧ್ಯೆ ಚಕ್ರದ ಅಲಗು, ಅದರ ಮೇಲೆ ಎತ್ತಿ ಇಳಿಸುವ ತಗಡಿನ ಮುಚ್ಚಳ. ಗುಂಡಿಯಕ್ಕ ಮೇಜಿನ ಎಡತುದಿಗೆ ಅಗಲವಾಗಿ ಕೆಂಪು ಟೇಪು ಅಂಟಿಸಿದಳು. ಮೊದಲು ಯಂತ್ರ ನಿಲ್ಲಿಸಿಕೊಂಡು, ಆಮೇಲೆ ಓಡಿಸಿಕೊಂಡು ನೋಡಿದಳು. ಪ್ರತಿ ಹಲಗೆಗೂ ಅಣ್ಣ ಕತ್ತು ತಿರುಗಿಸಿ ಮೇಜಿನ ತುದಿಯ ತನಕ ನೋಡಿದ, "ಕೆಂಪು" ಎಂದ, ಎಡಗೈ ಎಲ್ಲಿದೆ ಎಂದು ನೋಡಿಕೊಂಡ, ತಳ್ಳಿದ. ಹಲಗೆಗಳು ದಾರ ಹಿಡಿದು ಗೆರೆ ಎಳೆದಷ್ಟು ನೇರವಾಗಿ ಸೀಳಿಬಂದವು. ಪಾಲುದಾರ ಶಿಳ್ಳೆ ಹೊಡೆದ. ಅತ್ತಿಗೆ ಕಣ್ಣೊರೆಸಿಕೊಂಡಳು. ಅಣ್ಣನ ಕೂದಲಲ್ಲಿ, ಹುಬ್ಬಿನಲ್ಲಿ ಮರದ ಹೊಟ್ಟು ಕೂತಿತ್ತು, ಅವನು ಚಿಕ್ಕವನಂತೆ ನಗುತ್ತಿದ್ದ. ಗುಂಡಿಯಕ್ಕ ತೊಡೆಯ ಕೆಳಗೆ ಕೈ ಇಟ್ಟುಕೊಂಡು ದಿಮ್ಮಿಯ ಮೇಲೆ ಕೂತೇ ನೋಡಿದಳು. ಟೇಪು ಕಿತ್ತು ಒಂದೇ ಒಂದು ಹಲಗೆ ಮಾಡಿಸಿ ನೋಡಬೇಕೆಂಬುದು ಅವಳಿಗೆ ನೆನಪಾಯಿತು. ಆದರೆ ಎದ್ದು ಕೀಳಲಿಲ್ಲ.

ಹೊರಡುವಾಗ ಅತ್ತಿಗೆ ಕೇಳಿದಳು, "ನಾನೇನು ನೋಡ್ಕೋಬೇಕು ಹೇಳು."

"ಕೆಂಪು ಇದ್ರೆ ಅಣ್ಣನಿಗೆ ಕಾಣತ್ತೆ ಅತ್ತಿಗೆ. ಅದೊಂದನ್ನ ಬಿಡ್ಬೇಡಿ," ಎಂದು ಹೇಳಿ ಬಸ್ಸು ಹತ್ತಿದಳು. ಅಣ್ಣ ಗರಗಸದ ಕೆಲಸಕ್ಕೆ ಮರಳಬಹುದೇ ಎಂದು ಮಾರನೆಯ ದಿನ ಡಾಕ್ಟರು ಕೇಳಿದಾಗ ಆಗಬಹುದು ಎಂದಳು. ಅವಳ ಮಾತಿನ ಮೇಲೆ ಅವರೂ ಆಗಬಹುದು ಎಂದರು.

ಕೆಲವು ವಾರ ಒಳ್ಳೆಯ ಸುದ್ದಿಯೇ ಬಂತು. ಅಣ್ಣ ಉಣ್ಣುತ್ತಾನೆ, ನಿದ್ದೆ ಮಾಡುತ್ತಾನೆ, ಪಾಲುದಾರನಿಗೆ ಬೈಯುತ್ತಾನೆ. ಆಸ್ಪತ್ರೆಯಲ್ಲಿ ಕೆಲಸ ಮೈಮೇಲೆ ಬಿದ್ದಿತ್ತು, ನೋಡಲು ಹೋಗುವುದು ಮುಂದೆ ಹೋಗುತ್ತಲೇ ಇತ್ತು. ಹೋಗಲು ಸಾಧ್ಯವಾದ ಮಧ್ಯಾಹ್ನ ಬಿಸಿಲು ಬಿಳಿಚಿಕೊಂಡಿತ್ತು. ಬೀದಿಯ ತುದಿಗೆ ಬರುವಾಗಲೇ ಗರಗಸದ ಶಬ್ದ ಕೇಳಿಸಿತು. ಬಾಲ್ಯದಿಂದ ಕೇಳಿದ ಶಬ್ದ, ಅವಳ ಮನಸ್ಸಿಗೆ ತಂಪಾಯಿತು.

ಒಳಗೆ ಬಂದವಳು ಬಾಗಿಲಲ್ಲೇ ನಿಂತಳು. ಮನೆ ತುಂಬ ಕೆಂಪು. ಫ್ರಿಜ್ಜಿನ ಹಿಡಿಗೆ ಕೆಂಪು ರಿಬ್ಬನ್ನು, ನಲ್ಲಿಗೆ ಕೆಂಪು ದಾರ, ಕುರ್ಚಿಯ ಎರಡೂ ತೋಳಿಗೆ ಕೆಂಪು ಬಟ್ಟೆ, ಗೋಡೆಯ ನಡುಮಧ್ಯದ ಸ್ವಿಚ್ಚುಗಳಿಗೆ ಕೆಂಪು ಬಣ್ಣ. ತೊಳೆಯಲು ಇಟ್ಟಿದ್ದ ತಟ್ಟೆಯ ನಡುವೆ ಒಂದು ದೊಡ್ಡ ಕೆಂಪು ಹೂವಿನ ಚಿತ್ರ. ಹೂವಿನ ಬಲಕ್ಕೆ ತಟ್ಟೆ ಸ್ವಚ್ಛವಾಗಿತ್ತು, ಎಡಕ್ಕೆ ಊಟ ಹಾಗೇ ಉಳಿದಿತ್ತು.

"ಹೇಗಿದೆ?" ಅತ್ತಿಗೆ ಹೆಮ್ಮೆಯಿಂದ ಕೇಳಿದಳು. "ನೀನು ಹೇಳಿದ್ದನ್ನ ಒಂದಕ್ಕೆ ಹತ್ತು ಮಾಡಿದ್ದೀನಿ."

"ಅಣ್ಣ ತಟ್ಟೇಲಿ ಬಿಡ್ತಿದ್ದಾನಾ ಅತ್ತಿಗೆ?"

"ಇತ್ತೀಚೆಗೆ ಸ್ವಲ್ಪ. ಹಸಿವು ಕಡಿಮೆ ಅನ್ಸತ್ತೆ. ಎಡಭುಜ ಬಾಗಿಲಿಗೆ ಹೊಡ್ಕೊಂಡು ನೀಲಿಗಟ್ಟಿದೆ, ನೋವಿಲ್ಲ ಅಂತಾರೆ."

ಗುಂಡಿಯಕ್ಕನಿಗೆ ಈಗ ತಿಳಿಯಿತು. ತಾನು ಅಣ್ಣನಿಗೆ ಎಡಕ್ಕೆ ನೋಡುವುದನ್ನು ಕಲಿಸಿರಲಿಲ್ಲ, ಕೆಂಪು ಹುಡುಕುವುದನ್ನು ಕಲಿಸಿದ್ದಳು. ಕೆಂಪು ಎಲ್ಲಿ ಸಿಕ್ಕರೆ ಅಲ್ಲಿಗೆ ಅವನ ಲೋಕ ಮುಗಿಯುತ್ತಿತ್ತು. ಅದರಾಚೆಗೆ ಇರುವುದನ್ನು ಅವನು ನೋಡುತ್ತಿರಲಿಲ್ಲ, ನೋಡಿದ್ದೇನೆ ಎಂಬ ನೆಮ್ಮದಿಯಲ್ಲಿ ಕೆಲಸ ಶುರು ಮಾಡುತ್ತಿದ್ದ.

"ಮಿಲ್ಲಲ್ಲಿ?" ಅವಳು ಕೇಳಿದಳು. "ಮಿಲ್ಲಲ್ಲಿ ನಾನು ಅಂಟಿಸಿದ್ದ ಟೇಪು ಇದೆಯಾ?"

"ಅಯ್ಯೋ, ಅದು ಹೊಟ್ಟಿನ ಧೂಳಿಗೆ ಯಾವತ್ತೋ ಕಿತ್ಕೊಂಡು ಬಿತ್ತು. ಅಪಾಯ ಇರೋದು ಅಲಗಲ್ವಾ? ಅದಕ್ಕೆ ಅಲಗಿನ ಮುಚ್ಚಳಕ್ಕೇ ಕೆಂಪು ಪೇಂಟು ಬಳಿಸಿಬಿಟ್ಟೆ. ಈಗ ಅದು ಅವರ ಕಣ್ಣಿಗೆ ರಾಚತ್ತೆ."

ಮುಚ್ಚಳ ಇರುವುದು ಮೇಜಿನ ನಡುಮಧ್ಯೆ. ಅದರ ಎಡಕ್ಕೆ ಅರ್ಧ ಮೇಜು, ಆ ಅರ್ಧದ ಮೇಲೆ ಹಲಗೆಯನ್ನು ಒತ್ತಿ ಹಿಡಿಯುವ ಎಡಗೈ. ಬಿಸಿ ಲೋಟ ಹಿಡಿದರೂ ಗೊತ್ತಾಗದ ಕೈ.

ಹೊರಗೆ ಗರಗಸದ ಶಬ್ದ ಬದಲಾಯಿತು, ಅಲಗು ಮರದೊಳಗೆ ಇಳಿಯಿತು. ಗುಂಡಿಯಕ್ಕ ಚಪ್ಪಲಿ ಬಿಟ್ಟು ಓಡಿದಳು. ಅಂಗಳದಲ್ಲಿ ಹಲಗೆಗಳ ರಾಶಿ ಅಡ್ಡವಿತ್ತು, ಮೊಣಕಾಲು ತರಚಿತು. ಗೇಟಿನಾಚೆ ಪಾಲುದಾರ ಲಾರಿಗೆ ಮರ ಹೇರಿಸುತ್ತಿದ್ದ. ಒಳಗೆ ಅಣ್ಣ ಒಬ್ಬನೇ, ಅವಳಿಗೆ ಬಲಮಗ್ಗುಲು ಕಾಣುವ ಹಾಗೆ ನಿಂತಿದ್ದ. ದಪ್ಪ ಮರವಾದ್ದರಿಂದ ಮುಚ್ಚಳವನ್ನು ಮೇಲೆತ್ತಿ ಕಟ್ಟಿದ್ದ. ಅದು ಅವನ ಕಣ್ಣಿನ ಮಟ್ಟದಲ್ಲಿ ಹೊಸ ಬಣ್ಣ ಮಿಂಚುತ್ತ ನಿಂತಿತ್ತು. ಕೂಗಲು ಬಾಯಿ ತೆರೆದವಳು ಕೂಗಲಿಲ್ಲ. ಕೂಗಿದರೆ ಅವನು ಬಲಕ್ಕೆ ತಿರುಗುತ್ತಾನೆ, ಮೈ ತಿರುಗಿದರೆ ಎಡಗೈ ಅಲಗಿನ ಕಡೆಗೆ ಬರುತ್ತದೆ. ಅಷ್ಟು ಅವಳಿಗೆ ಗೊತ್ತಿತ್ತು. ಗೋಡೆಯ ಸ್ವಿಚ್ಚಿಗೆ ಹಾರಿ ಎಳೆದಳು.

ಅಲಗು ಗುನುಗುತ್ತ, ಗುನುಗುತ್ತ ನಿಧಾನವಾಯಿತು, ನಿಂತಿತು.

"ಯಾರದು? ಓಹೋ, ಪುಟ್ಟಿ!" ಅಣ್ಣ ಬಲಕ್ಕೆ ತಿರುಗಿ ಹಲ್ಲು ಬಿಟ್ಟ. "ಯಾಕೆ ನಿಲ್ಲಿಸ್ದೆ? ನೋಡು, ಎಷ್ಟು ನೀಟಾಗಿ ಬಂದಿದೆ. ನಿಮ್ಮಣ್ಣ ಮುಗಿದ ಅಂತ ಹೇಳಿದೋರಿಗೆ ತೋರಿಸು."

ಹಲಗೆ ನಿಜಕ್ಕೂ ನೀಟಾಗಿ ಬಂದಿತ್ತು. ಸದ್ಯ ಎಂದುಕೊಂಡು ಅವಳು ಉಸಿರು ಬಿಟ್ಟಳು. ಮೇಜು ಸುತ್ತಿ ಅವನ ಎಡಗಡೆಗೆ ಬಂದಳು.

ರಕ್ತ ಕಂಡರೆ ಬವಳಿ ಬರುವ ಹೆಂಗಸಿಗೆ ಅವತ್ತು ಬವಳಿ ಬರಲಿಲ್ಲ. ಬಂದಿದ್ದರೆ ಎಷ್ಟೋ ವಾಸಿಯಿತ್ತು. ಅಣ್ಣನ ಎಡಗೈ ಹಲಗೆಯ ಮೇಲೆ ಇನ್ನೂ ಒತ್ತಿ ಹಿಡಿದುಕೊಂಡೇ ಇತ್ತು, ಅವಳು ಕಲಿಸಿದ ಹಾಗೆ, ಅಂಗೈ ಚಪ್ಪಟೆ ಇಟ್ಟು. ಬೆರಳುಗಳು ಇರಬೇಕಾದಷ್ಟು ಇರಲಿಲ್ಲ. ಮರದ ಹೊಟ್ಟು ನೆನೆದು ಮೇಜಿನ ತುದಿಯ ತನಕ ಬಣ್ಣ ಹರಿದಿತ್ತು. ಅವಳು ಕತ್ತಿನ ಮೇಲಿದ್ದ ದುಪಟ್ಟಾ ಎಳೆದು ಆ ಕೈಗೆ ಸುತ್ತಿದಳು, ಎರಡೂ ಕೈಯಲ್ಲಿ ಬಲವಾಗಿ ಹಿಡಿದಳು, ಪಾಲುದಾರನನ್ನು ಕೂಗಿದಳು, ಅತ್ತಿಗೆಯನ್ನು ಕೂಗಿದಳು. ಅಣ್ಣ ಬಲಗಡೆಗೇ ನೋಡುತ್ತ, ಅವಳೆಲ್ಲಿ ಹೋದಳೆಂದು ಹುಡುಕುತ್ತಿದ್ದ. ತನ್ನ ಕೈಯನ್ನು ಯಾರೋ ಹಿಡಿದಿದ್ದಾರೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

"ಪುಟ್ಟಿ, ಎಲ್ಲಿದ್ದೀಯೇ?"

"ಇಲ್ಲೇ ಇದ್ದೀನಿ ಅಣ್ಣ. ಎಡಕ್ಕೆ ನೋಡು."

ಅವನು ಕತ್ತು ತಿರುಗಿಸಿದ. ಮುಚ್ಚಳದ ತನಕ ಬಂದು ನಿಂತ. "ಕೆಂಪು," ಎಂದ.

"ಅದಲ್ಲಣ್ಣ. ಇನ್ನೂ ಎಡಕ್ಕೆ."

ಹೇಳಿದ್ದಕ್ಕೆಲ್ಲ ತಲೆ ಆಡಿಸುವ ಒಳ್ಳೆಯ ವಿದ್ಯಾರ್ಥಿ ಅವನು. ಕಷ್ಟಪಟ್ಟು ಮುಚ್ಚಳ ದಾಟಿದ, ಅಲಗು ದಾಟಿದ, ಅವಳ ಕೈ ದಾಟಿ ಮೇಜಿನ ತುದಿಯ ತನಕ ಹೋದ. ಅಲ್ಲಿ ಹೊಟ್ಟಿನ ಮೇಲೆ ಕಣ್ಣು ನಿಂತಿತು. ಸರಿಯುತ್ತರ ಸಿಕ್ಕಿದ ಸಂತೋಷ ಅವನ ಮುಖದಲ್ಲಿ ಕಂಡಿತು.

"ಹೂಂ, ಅಲ್ಲೂ ಇದೆ ಪುಟ್ಟಿ, ಕೆಂಪು ಕಾಣ್ತು," ಎಂದ. "ಸ್ವಿಚ್ ಹಾಕು. ಶುರು ಮಾಡ್ತೀನಿ."